ಸಾಲದ ಧೈರ್ಯ

ಹಾಜರಿ ಪುಸ್ತಕದಲ್ಲಿ ನನ್ನ ಸಂಖ್ಯೆ 41. ಮೇಷ್ಟ್ರು 30ಕ್ಕೆ ಬರುವ ಹೊತ್ತಿಗೆ ಎದೆ ಡವಗುಟ್ಟಲು ಶುರುವಾಗುತ್ತಿತ್ತು. 35ಕ್ಕೆ ಬಾಯಿ ಒಣಗುತ್ತಿತ್ತು. 38, 39 ಎನ್ನುವಷ್ಟರಲ್ಲಿ ಗಂಟಲು ಸರಿಮಾಡಿಕೊಂಡು, ‘ಹಾಜರ್’ ಎಂಬ ಮೂರಕ್ಷರವನ್ನು ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿ ನೋಡಿಕೊಂಡಿರುತ್ತಿದ್ದೆ. ಸರದಿ ಬಂದಾಗ ಹೊರಡುತ್ತಿದ್ದ ದನಿ ಮಾತ್ರ ಬೇರೆ ಯಾರದೋ. ಆಮೇಲೆ ಹತ್ತು ನಿಮಿಷ ಒಂದೇ ಲೆಕ್ಕಾಚಾರ: ದನಿ ನಡುಗಿತೇ? ಮುಂದಿನ ಬೆಂಚಿನವರು ತಿರುಗಿ ನೋಡಿದ್ದು ನನ್ನನ್ನೇ? ಮೂರು ವರ್ಷ, ಪ್ರತಿ ತರಗತಿಯ ಮೊದಲ ಹತ್ತು ನಿಮಿಷದ ಪಾಠ ನನಗೆ ಕೇಳಿಸಿಯೇ ಇಲ್ಲ.

ಕಳೆದ ವಾರ ನನ್ನ ಅಂತಿಮ ಸೆಮಿನಾರ್ ಮುಗಿಯಿತು. ಒಂದು ಗುಟುಕು ಮದ್ಯವನ್ನೂ ಕುಡಿಯದೆ ಮುಗಿಯಿತು. ಅಲ್ಲಿಗೆ ತಲುಪಲು ಹತ್ತು ತಿಂಗಳು ಬೇಕಾಯಿತು. ಜನರೆದುರಿನ ಈ ಹೆದರಿಕೆಗೂ ಅದನ್ನು ಮುಚ್ಚಲು ಹಿಡಿದ ಕುಡಿತಕ್ಕೂ ಚಿಕಿತ್ಸೆ ಪಡೆಯುವಾಗ ಎಲ್ಲೆಲ್ಲಿ ಕಾಯಬೇಕು, ಒಳಗೆ ಏನು ಕೇಳುತ್ತಾರೆ, ಯಾವುದಕ್ಕೆ ಹಣ ಹೋಗುತ್ತದೆ, ಎಲ್ಲಿ ಎಡವುತ್ತೇವೆ ಎಂದು ಮೊದಲೇ ಹೇಳುವವರಿದ್ದರೆ ಅದರಲ್ಲಿ ಎರಡು ತಿಂಗಳಾದರೂ ಉಳಿಯುತ್ತಿತ್ತು. ಅದಕ್ಕೇ ಈ ಬರಹ. ವೈದ್ಯಕೀಯ ನನ್ನ ವಿಷಯವಲ್ಲ. ನನಗೆ ಹೇಳಿದ್ದನ್ನೂ ನನ್ನ ಮೇಲೆ ನಡೆದದ್ದನ್ನೂ ಬರೆಯುತ್ತೇನೆ, ಅಷ್ಟೆ.

ಕುಡಿತ ಶುರುವಾಗಿದ್ದು ಎರಡನೇ ವರ್ಷದ ಒಂದು ಕೂಟದಲ್ಲಿ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವರ ಕೈಗೆ ಯಾರೋ ಗ್ಲಾಸು ಕೊಟ್ಟರು. ಅರ್ಧ ಗಂಟೆಯ ನಂತರ ನಾನು ಮಾತನಾಡುತ್ತಿದ್ದೆ. ಅಷ್ಟೇ ಅಲ್ಲ, ನನ್ನ ಮಾತಿಗೆ ಜನ ನಗುತ್ತಿದ್ದರು. ಆ ರಾತ್ರಿ ಕೋಣೆಗೆ ಮರಳುವಾಗ, ಇಷ್ಟು ವರ್ಷ ಎಲ್ಲರ ಹತ್ತಿರ ಇದ್ದು ನನ್ನೊಬ್ಬರ ಹತ್ತಿರ ಇಲ್ಲದ ಏನೋ ಒಂದು ಕೊನೆಗೂ ಸಿಕ್ಕಿತು ಎನಿಸಿತ್ತು. ಆ ಸಂತೋಷ ಸುಳ್ಳಾಗಿರಲಿಲ್ಲ. ಕುಡಿತದಿಂದ ಏನೂ ಸಿಗುವುದಿಲ್ಲ ಎಂದು ಭಾಷಣ ಬಿಗಿಯುವವರ ಮಾತನ್ನು ನಾನು ಕೇಳದೆ ಹೋದದ್ದು ಅದಕ್ಕೇ. ಸಿಗುತ್ತಿತ್ತು.

ಅಲ್ಲಿಂದ ಮುಂದಿನದು ನಿಧಾನವಾಗಿ ನಡೆಯಿತು. ಮೊದಲು ಕೂಟದಲ್ಲಿ ಕುಡಿಯುತ್ತಿದ್ದೆ. ಆಮೇಲೆ ಕೂಟಕ್ಕೆ ಹೊರಡುವ ಮುಂಚೆ ಕೋಣೆಯಲ್ಲೇ ಎರಡು ಗ್ಲಾಸು, ಏಕೆಂದರೆ ಬಾಗಿಲು ದಾಟಿ ಒಳಗೆ ಹೋಗುವ ಕ್ಷಣವೇ ಎಲ್ಲಕ್ಕಿಂತ ಕಷ್ಟದ್ದು. ಆಮೇಲೆ ಗುಂಪು ಚರ್ಚೆಯ ಹಿಂದಿನ ರಾತ್ರಿ, ನಿದ್ದೆಗೆಂದು. ಕೊನೆಗೆ ಒಂದು ದಿನ ಬೆಳಗ್ಗೆ ಹನ್ನೊಂದು ಗಂಟೆಯ ಪ್ರೆಸೆಂಟೇಷನ್‌ಗೆ ಮುಂಚೆ, ನೀರಿನ ಬಾಟಲಿಯಲ್ಲಿ. ಅಂದು ಚೆನ್ನಾಗಿಯೇ ಮಾತನಾಡಿದೆ. ಮುಗಿದ ಮೇಲೆ ಶೌಚಾಲಯದಲ್ಲಿ ಮುಖ ತೊಳೆದುಕೊಳ್ಳುತ್ತಿರುವಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ತಣ್ಣಗಾದೆ. ಬೆಳಗ್ಗೆ ಹನ್ನೊಂದು ಗಂಟೆ. ಬಾಟಲಿ ಚೀಲದಲ್ಲಿ. ನಾಳೆ ಕೆಲಸಕ್ಕೆ ಸೇರಿದರೆ ದಿನವೂ ಮಾತನಾಡಬೇಕಲ್ಲ, ಆಗ?

ಸಹಾಯ ಪಡೆಯಲು ಮೊದಲು ಮಾಡಬೇಕಾದದ್ದು ಏನು ಗೊತ್ತೇ? ಮಾನಸಿಕ ಚಿಕಿತ್ಸಾಲಯಕ್ಕೆ ಫೋನ್ ಕರೆ. ಅಪರಿಚಿತರಿಗೆ ಫೋನ್ ಮಾಡಲು ಹೆದರುವವರು, ಹೆದರಿಕೆಯಾಗುತ್ತದೆ ಎಂದು ಹೇಳಲು ಅಪರಿಚಿತರಿಗೆ ಫೋನ್ ಮಾಡಬೇಕು. ಈ ವ್ಯವಸ್ಥೆ ಮಾಡಿದವರಿಗೆ ಕೈ ಮುಗಿಯಬೇಕು. ನನಗೆ ಹನ್ನೊಂದು ದಿನ ಹಿಡಿಯಿತು. ಚೀಟಿಯಲ್ಲಿ ಹೇಳಬೇಕಾದ ಮಾತುಗಳನ್ನು ‘ನಮಸ್ಕಾರ’ದಿಂದ ಶುರುಮಾಡಿ ಒಂದೊಂದಾಗಿ ಬರೆದುಕೊಂಡೆ. ಎರಡು ಸಲ ರಿಂಗ್ ಆಗುವ ಮುಂಚೆಯೇ ಕತ್ತರಿಸಿದೆ. ಮೂರನೆಯ ಸಲ ಆ ಕಡೆಯವರು ಎತ್ತಿಬಿಟ್ಟರು. ಮಾತು ಮುಗಿಯಲು ಒಂದೂವರೆ ನಿಮಿಷ ಸಾಕಾಯಿತು. ಚೀಟಿಯ ಎರಡನೇ ಸಾಲಿಗೂ ಹೋಗಲಿಲ್ಲ. ಅವರು ಕೇಳಿದ್ದು ಹೆಸರು, ವಯಸ್ಸು, ಯಾವ ದಿನ ಬಿಡುವಿದೆ ಎಂಬುದನ್ನು ಮಾತ್ರ. ನನಗೆ ತಡವಾಗಿ ತಿಳಿದದ್ದು: ಇ-ಮೇಲ್ ಅಥವಾ ಅರ್ಜಿಯ ಮೂಲಕ ಸಮಯ ಕೇಳಲು ಎಷ್ಟೋ ಕಡೆ ಅವಕಾಶವಿರುತ್ತದೆ. ಕಾಲೇಜಿನಲ್ಲಿ ಆಪ್ತ ಸಮಾಲೋಚಕರಿದ್ದರೆ ಬಾಗಿಲಿನ ಕೆಳಗೆ ಚೀಟಿ ತಳ್ಳಿ ಬಂದರೂ ಆಗುತ್ತದೆ. ಫೋನ್ ಒಂದೇ ದಾರಿ ಎಂದುಕೊಂಡು ಕೂರಬೇಡಿ.

ಸಿಕ್ಕ ದಿನಾಂಕ ಐದು ವಾರಗಳ ಆಚೆಗಿತ್ತು. ಕರೆ ಮಾಡುವವರೆಗೆ ಹೆದರಿ ಸತ್ತ ನಾನು, ಐದು ವಾರ ಎಂದ ಕೂಡಲೇ ಸಿಟ್ಟಾದೆ. ಆ ಐದು ವಾರದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ, ಅದೂ ಬೇಸರಕ್ಕೆ: ಒಂದು ಸಣ್ಣ ಪುಸ್ತಕದಲ್ಲಿ ಯಾವ ದಿನ, ಎಷ್ಟು ಕುಡಿದೆ, ಕುಡಿಯುವ ಮುಂಚೆ ಯಾವುದಕ್ಕೆ ಹೆದರಿದ್ದೆ, ಮಾರನೇ ಬೆಳಗ್ಗೆ ಹೇಗಿತ್ತು ಎಂದು ಬರೆಯುತ್ತ ಹೋದೆ. ಮೂರನೇ ವಾರಕ್ಕೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನನ್ನ ಅತಿ ಕೆಟ್ಟ ಬೆಳಗುಗಳೆಲ್ಲ ಕುಡಿದ ರಾತ್ರಿಯ ಮಾರನೆಯವು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ನಿನ್ನೆ ಏನೋ ಅನಾಹುತ ಮಾತನಾಡಿಬಿಟ್ಟೆ ಎಂಬ ಅಳುಕು, ಯಾರ ಮುಖವೂ ಬೇಡ ಎನ್ನಿಸುವುದು. ಆತಂಕ ಇರುವುದಕ್ಕೆ ಕುಡಿಯುತ್ತಿದ್ದೇನೆ ಎಂದುಕೊಂಡಿದ್ದೆ; ಪುಸ್ತಕ ಅದರ ತಲೆಕೆಳಗಾದ ಲೆಕ್ಕವನ್ನೂ ತೋರಿಸುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು, ಅದರಲ್ಲೂ ಬೆಳಗ್ಗೆ ಎದ್ದಾಗ ಕೈ ನಡುಗಿ, ಬೆವರಿ, ಒಂದು ಗುಟುಕು ಒಳಗೆ ಹೋದ ಮೇಲೆ ಸರಿಹೋಗುವವರು, ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಬಾರದು. ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ಕಾಯುವ ಪಟ್ಟಿಯಲ್ಲಿ ಕೂರದೆ ನೇರವಾಗಿ ವೈದ್ಯರ ಬಳಿ ಹೋಗಿ, ಅವರ ಕಣ್ಣೆದುರೇ ನಿಲ್ಲಿಸಬೇಕು. ನನ್ನದು ಆ ಹಂತಕ್ಕೆ ಹೋಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆಗ ಗೊತ್ತಿರಲಿಲ್ಲ.

ಮೊದಲ ಭೇಟಿಗೆ ಗುರುತಿನ ಚೀಟಿ ಮತ್ತು ಹಳೆಯ ವೈದ್ಯಕೀಯ ಕಾಗದಗಳಿದ್ದರೆ ತರಲು ಹೇಳಿದ್ದರು. ಹೋದೊಡನೆ ಕೈಗೆ ಪ್ರಶ್ನಾವಳಿಗಳನ್ನು ಕೊಟ್ಟು, ಹತ್ತು ಜನ ಕೂತಿದ್ದ ಹೊರಗಿನ ಕೋಣೆಯಲ್ಲಿ ತುಂಬಲು ಹೇಳಿದರು. ಅದರಲ್ಲೊಂದು ಅಮೆರಿಕದ ಮನೋವೈದ್ಯ ಮೈಕಲ್ ಲೀಬೊವಿಟ್ಜ್ 1987ರಲ್ಲಿ ಪ್ರಕಟಿಸಿದ ಅಳತೆಪಟ್ಟಿ. ಅದರಲ್ಲಿ 24 ಸಂದರ್ಭಗಳು. ಒಂದೊಂದಕ್ಕೂ ಎಷ್ಟು ಭಯ, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಎಂದು 0ಯಿಂದ 3ರವರೆಗೆ ಅಂಕ ಹಾಕಬೇಕು. ಎಲ್ಲರೂ ಕೂತಿರುವ ಕೋಣೆಯೊಳಗೆ ಹೋಗುವುದು. ಕೊಂಡ ವಸ್ತುವನ್ನು ಅಂಗಡಿಗೆ ಹಿಂದಿರುಗಿಸುವುದು. ಸಾರ್ವಜನಿಕ ಶೌಚಾಲಯ ಬಳಸುವುದು. ನನ್ನ ಗುಟ್ಟುಗಳನ್ನೆಲ್ಲ ಯಾರೋ ನಾನು ಹುಟ್ಟುವ ಮುಂಚೆಯೇ ಅಚ್ಚು ಹಾಕಿಸಿಟ್ಟಂತಿತ್ತು. ‘ಯಾರಾದರೂ ನೋಡುತ್ತಿರುವಾಗ ಬರೆಯುವುದು’ ಎಂಬ ಸಾಲಿಗೆ ಬಂದಾಗ ಪಕ್ಕದವರು ನನ್ನ ಕಾಗದದ ಕಡೆ ನೋಡುತ್ತಿದ್ದರು. 3 ಎಂದು ಬರೆಯಲು ಹೋದ ಪೆನ್ನು 8ರ ಹಾಗೆ ಏನೋ ಗೀಚಿತು. ಆ ಗೀಚನ್ನೇ ಉತ್ತರವೆಂದು ತೆಗೆದುಕೊಳ್ಳಬಹುದಿತ್ತು.

ಇನ್ನೊಂದು ಪ್ರಶ್ನಾವಳಿ ಕುಡಿತದ್ದು, ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ್ದು. ಹತ್ತೇ ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆ ವಾಲಿದೆ ಎಂದು ಎಣಿಸುತ್ತಾರೆ. ಇಲ್ಲಿ ನಾನು ಸುಳ್ಳು ಬರೆದೆ. ವಾರಕ್ಕೆ ನಾಲ್ಕು ದಿನ ಎನ್ನಬೇಕಾದಲ್ಲಿ ತಿಂಗಳಿಗೆ ಎರಡು ಸಲ. ಬೆಳಗಿನ ಬಾಟಲಿಯ ಸುದ್ದಿಯನ್ನೇ ಎತ್ತಲಿಲ್ಲ. ಮನೆಗೆ ತಿಳಿಸಿಬಿಟ್ಟರೆ, ಕಾಲೇಜಿಗೆ ಪತ್ರ ಹೋದರೆ ಎಂಬ ಹೆದರಿಕೆ. ಈ ಒಂದು ಸುಳ್ಳಿಗೆ ನಾನು ತೆತ್ತದ್ದು ಮೂರು ಭೇಟಿಗಳ ಶುಲ್ಕ ಮತ್ತು ಸುಮಾರು ಒಂದು ತಿಂಗಳು. ಅಷ್ಟೂ ದಿನ ಸಮಾಲೋಚಕರು ಕುಡಿಯದವರಿಗೆ ಹೇಳುವ ಪಾಠವನ್ನು ಹೇಳುತ್ತಿದ್ದರು, ನಾನು ಮನೆಗೆ ಬಂದು ಕುಡಿದು ಅದನ್ನು ಅಭ್ಯಾಸ ಮಾಡುತ್ತಿದ್ದೆ. ನಾಲ್ಕನೇ ಸಲ ನನ್ನ ಟಿಪ್ಪಣಿ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. ಬಾಯಲ್ಲಿ ಹೇಳಲು ಆಗಲಿಲ್ಲ. ಅವರು ಓದಿ, “ಇದನ್ನು ಬರೆದಿಟ್ಟಿರುವುದು ಒಳ್ಳೆಯದಾಯಿತು, ಇಲ್ಲಿಂದ ಶುರುಮಾಡೋಣ” ಎಂದರು. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದವರಿಗೆ ಅದು ನಿರಾಸೆಯೇ ಸರಿ.

ನೀವು ಹೋಗುವುದಾದರೆ ಮೊದಲ ಭೇಟಿಯ ಮೊದಲ ಪ್ರಶ್ನೆ ಇದೇ ಆಗಿರಲಿ: ನಾನು ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ? ಗೋಪ್ಯತೆಗೆ ಮಿತಿಗಳಿವೆ, ಜೀವಕ್ಕೆ ಅಪಾಯವಿದೆ ಎನಿಸಿದರೆ ಅವರು ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಆ ಮಿತಿ ಎಲ್ಲಿದೆ ಎಂದು ಅವರ ಬಾಯಿಂದಲೇ ಕೇಳಿಕೊಂಡುಬಿಟ್ಟರೆ ನನ್ನ ಹಾಗೆ ಸುಳ್ಳು ಬರೆಯುವ ಕಷ್ಟವಿರುವುದಿಲ್ಲ.

ನಡುವೆ ಒಂದು ರಕ್ತಪರೀಕ್ಷೆಯೂ ಆಯಿತು. ಮನಸ್ಸಿನ ತೊಂದರೆಗೆ ರಕ್ತವೇಕೆ ಎಂದು ಗೊಣಗಿಕೊಂಡೆ. ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡಿದರೂ ಎದೆಬಡಿತ, ನಡುಕ, ಬೆವರು ಬರುತ್ತವಂತೆ; ಅದಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಯಕೃತ್ತಿನದು. ಎರಡೂ ಸರಿಯಾಗಿದ್ದವು. ಆಗ ಮನೋವೈದ್ಯರು ಹೆಸರು ಹೇಳಿದರು: ಸಾಮಾಜಿಕ ಆತಂಕದ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 1980ರಲ್ಲಿ. ಸಂಕೋಚದ ಸ್ವಭಾವ ಬೇರೆ, ಇದು ಬೇರೆ. ಆರು ತಿಂಗಳಿಗೂ ಮೀರಿ ಉಳಿದು, ಓದನ್ನೋ ಕೆಲಸವನ್ನೋ ಸ್ನೇಹವನ್ನೋ ಕೆಡಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು ಎಂದರು. ಹೆಸರು ಕೇಳಿ ಸಮಾಧಾನವಾಯಿತು. ಅಳುವೂ ಬಂತು. ಇಷ್ಟು ದಿನ ಅದನ್ನು ನನ್ನ ಕೊರತೆ ಎಂದುಕೊಂಡಿದ್ದೆನಲ್ಲ.

ಮದ್ಯ ಒಳಗೆ ಏನು ಮಾಡುತ್ತದೆ ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಮಿದುಳಿನಲ್ಲಿ ‘ಗಾಬಾ’ ಎಂಬ ರಾಸಾಯನಿಕ ಬ್ರೇಕಿನ ಹಾಗೆ, ‘ಗ್ಲುಟಮೇಟ್’ ಎಂಬುದು ಆಕ್ಸಿಲರೇಟರಿನ ಹಾಗೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ಅದಕ್ಕೇ ಮೈ ಸಡಿಲವಾಗುತ್ತದೆ. ಮಿದುಳು ಸುಮ್ಮನಿರುವುದಿಲ್ಲ, ಸಮತೋಲನಕ್ಕೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಅಮಲು ಇಳಿದ ಮೇಲೆ ಉಳಿಯುವುದು ಆ ಎಳೆತ ಮಾತ್ರ. ದೇಹ ಗಂಟೆಗೆ ಕರಗಿಸಬಲ್ಲದ್ದು ಸುಮಾರು ಒಂದು ಸಣ್ಣ ಪೆಗ್ಗಿನಷ್ಟು ಮದ್ಯವನ್ನಷ್ಟೇ, ತಣ್ಣೀರು ಹೊಯ್ದುಕೊಂಡರೂ ಕಾಫಿ ಕುಡಿದರೂ ಅದು ಬೇಗವಾಗುವುದಿಲ್ಲ. ನಿದ್ದೆ ಬೇಗ ಹತ್ತಿದರೂ ರಾತ್ರಿಯ ಎರಡನೇ ಅರ್ಧ ತುಂಡುತುಂಡಾಗುತ್ತದೆ. ನನ್ನ ಕೆಟ್ಟ ಬೆಳಗುಗಳ ಲೆಕ್ಕ ಅಲ್ಲಿಗೆ ಚುಕ್ತಾ. ರಾತ್ರಿ ತಂದ ಧೈರ್ಯ ಸಾಲದ್ದು. ಬೆಳಗ್ಗೆ ಬಡ್ಡಿ ಕಟ್ಟಲು ಆಗದೆ, ಮತ್ತೆ ರಾತ್ರಿ ಅದೇ ಅಂಗಡಿಯಲ್ಲಿ ಸಾಲ.

ಮಾತ್ರೆಯ ವಿಷಯ. ಮಿದುಳಿನ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಸರ್ಟ್ರಲೀನ್‌ನಂಥ ಮಾತ್ರೆಗಳು ಇದಕ್ಕೆ ಬಳಕೆಯಲ್ಲಿವೆ. ಪರಿಣಾಮ ಕಾಣಲು ಕೆಲವು ವಾರಗಳು ಬೇಕು, ಮನಸ್ಸಿಗೆ ಬಂದಂತೆ ನಿಲ್ಲಿಸುವ ಹಾಗಿಲ್ಲ, ಜೊತೆಗೆ ಕುಡಿಯಬಾರದು. ಮೊದಲು ಮಾತಿನ ಚಿಕಿತ್ಸೆ, ಸಾಲದಿದ್ದರೆ ಮಾತ್ರೆ ಎಂದು ನಾವು ನಿರ್ಧರಿಸಿದೆವು. ನನ್ನ ಜೊತೆ ಹೊರಗೆ ಕಾಯುತ್ತಿದ್ದ ಒಬ್ಬರು ಮಾತ್ರೆಯಿಂದಲೇ ಸುಧಾರಿಸಿದರು, ಆದ್ದರಿಂದ ನನ್ನ ದಾರಿಯೇ ಸರಿ ಎಂದು ಹೇಳುತ್ತಿಲ್ಲ. ಭಾಷಣಕ್ಕೆ ಮುಂಚೆ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಒಂದನ್ನು ನುಂಗಿದರೆ ಕೈ ನಡುಗುವುದಿಲ್ಲ ಎಂದು ಸಹಪಾಠಿಯೊಬ್ಬ ತನ್ನದನ್ನೇ ಕೊಡಲು ಬಂದಿದ್ದ. ವೈದ್ಯರನ್ನು ಕೇಳಿದರೆ ಮೊದಲ ಪ್ರಶ್ನೆಯೇ “ಆಸ್ತಮಾ ಇದೆಯೇ?” ಎಂದು. ಚಿಕ್ಕಂದಿನಿಂದ ಇದೆ. ಉಸಿರುನಾಳ ಬಿಗಿದುಕೊಳ್ಳುವ ಅಪಾಯ, ಮುಟ್ಟಲೇಬಾರದು. ಗೆಳೆಯರ ಮಾತ್ರೆಯನ್ನು ಸ್ನೇಹಕ್ಕಾಗಿ ನುಂಗಬೇಡಿ. ನಿದ್ದೆ, ಆತಂಕದ ಕೆಲವು ಮಾತ್ರೆಗಳಂತೂ ಮದ್ಯದ ಜೊತೆ ಸೇರಿದರೆ ಉಸಿರನ್ನೇ ಕುಗ್ಗಿಸುತ್ತವೆ.

ಇನ್ನು ಮಾತಿನ ಚಿಕಿತ್ಸೆ. ವಾರಕ್ಕೊಂದರಂತೆ ಹದಿನಾಲ್ಕು ಭೇಟಿ. ಬಾಲ್ಯ ಕೆದಕುತ್ತಾರೆ, ಮಲಗಿಸಿ ಕನಸು ಕೇಳುತ್ತಾರೆ ಎಂದುಕೊಂಡಿದ್ದೆ. ಅದೇನೂ ಇರಲಿಲ್ಲ; ಪ್ರಯೋಗಶಾಲೆಯ ಹಾಗಿತ್ತು. ಇದರ ಹಿಂದಿರುವುದು ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆ. ಹೆದರುವ ಮನುಷ್ಯ ಎದುರಿಗಿರುವವರನ್ನು ನೋಡುವುದೇ ಇಲ್ಲ. ತನ್ನ ಒಳಗಿನ ಬಡಿತ, ಬಿಸಿ, ನಡುಕವನ್ನೇ ನೋಡಿಕೊಂಡು, ಹೊರಗಿನವರಿಗೂ ಅದು ಅಷ್ಟೇ ಕಾಣುತ್ತಿದೆ ಎಂದು ನಂಬುತ್ತಾನೆ. ಅದನ್ನು ಮುಚ್ಚಲು ಚಿಕ್ಕಪುಟ್ಟ ಊರುಗೋಲುಗಳನ್ನು ಹಿಡಿಯುತ್ತಾನೆ.

ನನ್ನ ಊರುಗೋಲುಗಳ ಪಟ್ಟಿ ಮಾಡಲು ಹೇಳಿದರು. ಕಾಗದವನ್ನು ಎದೆಗೊತ್ತಿ ಹಿಡಿಯುವುದು, ಮೊಣಕೈ ಬಿಗಿಹಿಡಿಯುವುದು, ಓಟದ ಮಾತು, ನೆಲದ ಮೇಲೆ ಕಣ್ಣು, ಮೊಬೈಲ್ ನೋಡುತ್ತಿರುವ ನಟನೆ. ಎಲ್ಲದರ ಕೆಳಗೆ ‘ಕುಡಿತ’ ಎಂದು ಬರೆದೆ. ಸಮಾಲೋಚಕರು ಅದಕ್ಕೆ ಬಾಣದ ಗುರುತು ಹಾಕಿ ಪಟ್ಟಿಯ ಮೇಲಕ್ಕೆ ಏರಿಸಿದರು. “ಆ ಪ್ರೆಸೆಂಟೇಷನ್ ಚೆನ್ನಾಗಿ ಆಯಿತು ಎಂದಿರಲ್ಲ, ಚೆನ್ನಾಗಿ ಮಾಡಿದವರು ಯಾರು?” ಎಂದು ಕೇಳಿದರು. ನನ್ನ ಬಾಯಿಗೆ ಬಂದ ಉತ್ತರ, ಬಾಟಲಿ. ಅಲ್ಲಿಯೇ ನನಗೆ ಇಡೀ ವಿಷಯ ಹೊಳೆದದ್ದು. ಎರಡು ವರ್ಷದಲ್ಲಿ ನಾನು ಎಷ್ಟೋ ಕಡೆ ಚೆನ್ನಾಗಿಯೇ ಮಾತನಾಡಿದ್ದೆ. ಆದರೆ ಒಂದೂ ನನ್ನ ಖಾತೆಗೆ ಜಮೆಯಾಗಿರಲಿಲ್ಲ. ಭಯ ಇದ್ದಲ್ಲೇ ಇತ್ತು, ಗೆಲುವೆಲ್ಲ ಗ್ಲಾಸಿನ ಹೆಸರಿಗೆ ಹೋಗಿತ್ತು.

ಮುಂದಿನ ವಾರದ ಪ್ರಯೋಗವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನನ್ನು ತಿರುಗಿಸಿದ್ದು ಅದೇ. ಇಬ್ಬರು ಅಪರಿಚಿತರ ಎದುರು ಮೂರು ಮೂರು ನಿಮಿಷ ಎರಡು ಸಲ ಮಾತನಾಡಬೇಕು, ಎದುರಿಗೆ ಕ್ಯಾಮೆರಾ. ಮೊದಲ ಸಲ ಎಲ್ಲ ಊರುಗೋಲುಗಳೂ ಇರಲಿ, ಎರಡನೇ ಸಲ ಒಂದೂ ಬೇಡ, ಕಾಗದವನ್ನು ಚಾಚಿದ ಕೈಯಲ್ಲಿ ಹಿಡಿಯಿರಿ, ನಡುಗಿದರೆ ನಡುಗಲಿ. ವಿಡಿಯೊ ನೋಡುವ ಮುಂಚೆ, ನಡುಕ ಎಷ್ಟು ಕಾಣುತ್ತದೆ ಎಂದು ಹತ್ತಕ್ಕೆ ಅಂಕ ಬರೆಯಬೇಕು. ನಾನು 9 ಬರೆದೆ. ಎರಡನೇ ಸಲ ಕಾಗದದ ತುದಿ ಪಟಪಟ ಹೊಡೆದುಕೊಳ್ಳುತ್ತಿದ್ದುದು ನನ್ನ ಕಿವಿಗೆ ಕೇಳಿಸುತ್ತಿತ್ತು. ವಿಡಿಯೊ ಹಾಕಿದರು. ಕಾಗದ ಅಲುಗುತ್ತಿತ್ತು, ನಿಜ. ಫ್ಯಾನಿನ ಗಾಳಿಗೆ ಅಲುಗುವಷ್ಟು. ಮುಖ ಕೆಂಪೇರಿರಲಿಲ್ಲ. ಬೆಚ್ಚಿಬಿದ್ದದ್ದು ಮೊದಲನೆಯದನ್ನು ನೋಡಿ. ಎದೆಗೆ ಕಾಗದ ಅವುಚಿಕೊಂಡು, ಯಾರನ್ನೂ ನೋಡದೆ, ಬೇಗ ಬೇಗ ಹೇಳಿ ಮುಗಿಸುತ್ತಿರುವ ಆ ವ್ಯಕ್ತಿ ಹೆದರಿದಂತೆ ಕಾಣುತ್ತಿರಲಿಲ್ಲ, ಎದುರಿಗಿದ್ದವರು ಬೇಡವಾಗಿರುವಂತೆ ಕಾಣುತ್ತಿತ್ತು. ತಿಂಗಳುಗಳ ನಂತರ ಸಹಪಾಠಿಯೊಬ್ಬಳು, “ನಿನಗೆ ಜಂಭ ಎಂದುಕೊಂಡಿದ್ದೆವು” ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ನಮ್ಮನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬ ಭ್ರಮೆಯ ಬಗ್ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ನಡೆಸಿದ, 2000ದಲ್ಲಿ ಪ್ರಕಟವಾದ ಅಧ್ಯಯನವನ್ನೂ ಸಮಾಲೋಚಕರು ಹೇಳಿದರು. ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರಂತೆ. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ಗಮನಿಸಿದ್ದು ಸುಮಾರು ಕಾಲುಭಾಗ. ಓದಿದರೆ ಇದು ತಲೆಗೆ ಹೋಗುತ್ತದೆ, ಎದೆಗೆ ಹೋಗುವುದಿಲ್ಲ. ಅದಕ್ಕೆ ನಮ್ಮ ಕೈಯಲ್ಲೂ ಮಾಡಿಸುತ್ತಾರೆ. ಕ್ಯಾಂಟೀನಿನಲ್ಲಿ ಬೇಕೆಂದೇ ಮೇಜಿನ ಮೇಲೆ ನೀರು ಚೆಲ್ಲಿದೆ. ಏನಾಗುತ್ತದೆ ಎಂದು ಮೊದಲೇ ಬರೆದುಕೊಂಡಿದ್ದೆ: ಎಲ್ಲರೂ ತಿರುಗಿ ನೋಡುತ್ತಾರೆ, ಯಾರೋ ನಗುತ್ತಾರೆ, ನಾನು ಓಡಿಹೋಗುತ್ತೇನೆ. ನಡೆದದ್ದು: ಒಬ್ಬರು ತಮ್ಮ ಪುಸ್ತಕವನ್ನು ಪಕ್ಕಕ್ಕೆ ಸರಿಸಿಕೊಂಡರು. ತರಗತಿಯಲ್ಲಿ ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ಎದ್ದು ಕೇಳಿದೆ. ದಾರಿಹೋಕರನ್ನು ಗಂಟೆ ಎಷ್ಟೆಂದು ಕೇಳಿದೆ, ನನ್ನ ಕೈಗಡಿಯಾರ ಕಾಣುವ ಹಾಗೆಯೇ. ಎಲ್ಲವೂ ಗೆದ್ದವು ಎಂದಲ್ಲ. ಒಬ್ಬರು “ಕೈಯಲ್ಲೇ ಇದೆಯಲ್ಲ” ಎಂದು ಸಿಡುಕಿದರು. ಸಂಜೆಯವರೆಗೆ ಅದೇ ತಲೆಯಲ್ಲಿ ಸುತ್ತಿತು, ಆಮೇಲೆ ಹೋಯಿತು. ಹೋಗುತ್ತದೆ ಎಂಬುದೇ ನನಗೆ ಹೊಸ ಸುದ್ದಿ.

ಕುಡಿಯದೆ ಹೋದ ಮೊದಲ ಕೂಟ ಭಯಂಕರವಾಗಿತ್ತು. ಅನುಭವದಿಂದ ಹೇಳುವುದಾದರೆ, ತಡವಾಗಿ ಹೋಗಬೇಡಿ. ನಾನು ಯಾವಾಗಲೂ ಕತ್ತಲಾದ ಮೇಲೆ ನುಸುಳುತ್ತಿದ್ದೆ. ಆಗ ಗುಂಪುಗಳು ಆಗಲೇ ಕಟ್ಟಿಕೊಂಡಿರುತ್ತವೆ, ಎಲ್ಲರಿಗೂ ಅಮಲೇರಿರುತ್ತದೆ. ಬೇಗ ಹೋದರೆ ನಾಲ್ಕೇ ಜನ, ಕುರ್ಚಿ ಜೋಡಿಸುವ ಕೆಲಸವಾದರೂ ಸಿಗುತ್ತದೆ. ಹೊರಡುವ ಸಮಯವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಹೆದರಿ ಓಡಿದ್ದಕ್ಕೂ ಸಮಯವಾಗಿ ಹೊರಟದ್ದಕ್ಕೂ ವ್ಯತ್ಯಾಸವಿದೆ. ಕೈಯಲ್ಲಿ ಸೋಡಾ ತುಂಬಿದ ಗ್ಲಾಸಿದ್ದರೆ ಯಾರೂ ಒತ್ತಾಯಿಸುವುದಿಲ್ಲ. “ಏಕೆ ಕುಡಿಯುವುದಿಲ್ಲ?” ಎಂದಾಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಸಮಾಲೋಚಕರು ಅದೂ ಊರುಗೋಲೇ ಎಂದರು. ಇರಬಹುದು, ಮೊದಲ ಎರಡು ಕೂಟಗಳಿಗೆ ಆ ಊರುಗೋಲು ಬೇಕಿತ್ತು ಎಂದೇ ಈಗಲೂ ನನ್ನ ವಾದ. ಮೂರನೆಯದರಲ್ಲಿ “ಬೇಡ, ಬಿಟ್ಟಿದ್ದೇನೆ” ಎಂದೆ. ಕೇಳಿದವನು “ಹೌದೇ” ಎಂದು ಬೇರೆ ಮಾತಿಗೆ ಹೋದ.

ಐದನೇ ತಿಂಗಳಲ್ಲಿ ಜಾರಿದೆ. ಆಂತರಿಕ ಪರೀಕ್ಷೆಯ ಮೌಖಿಕ ಸುತ್ತಿನಲ್ಲಿ ತೊದಲಿ, ಕೊಠಡಿಯಿಂದ ಹೊರಬಂದವರು ಸೀದಾ ಅಂಗಡಿಗೆ ಹೋದೆ. ಎರಡು ದಿನ. ಮೂರನೇ ದಿನ ಭೇಟಿ ಇತ್ತು, ತಪ್ಪಿಸಿಕೊಳ್ಳಲು ಫೋನ್ ಎತ್ತಿಕೊಂಡೆ. ತಮಾಷೆ ಎಂದರೆ, ರದ್ದು ಮಾಡಲು ಫೋನ್ ಮಾಡುವ ಭಯಕ್ಕೇ ಹೋದೆ. ಮೊದಲಿನಿಂದ ಎಣಿಸಬೇಕೇ ಎಂದು ಕೇಳಿದೆ. ಎಣಿಕೆ ಬಿಡಿ, ಅಂದು ಕೊಠಡಿಯಿಂದ ಅಂಗಡಿಯವರೆಗಿನ ಇಪ್ಪತ್ತು ನಿಮಿಷದಲ್ಲಿ ತಲೆಯೊಳಗೆ ಏನು ನಡೆಯಿತು ಬರೆಯಿರಿ ಎಂದರು. ಬರೆದಾಗ ಸಿಕ್ಕಿದ್ದು ಹಾಜರಿಯ ಹಳೆಯ ಹತ್ತು ನಿಮಿಷವೇ: ನಡೆದದ್ದನ್ನು ಮತ್ತೆ ಮತ್ತೆ ಓಡಿಸಿ ನೋಡುವುದು, ಪ್ರತಿ ಸಲ ಇನ್ನಷ್ಟು ಕೆಡಿಸಿಕೊಂಡು. ಈಗ ಅಂಥ ಯಾವುದೇ ಸಂದರ್ಭ ಮುಗಿದೊಡನೆ ಒಂಟಿಯಾಗಿ ಇರುವುದಿಲ್ಲ. ಗೆಳತಿಯ ಜೊತೆ ನಡೆದುಕೊಂಡು ಹೋಗುತ್ತೇನೆ, ಬೇರೆ ಏನಾದರೂ ಮಾತನಾಡುತ್ತೇವೆ.

ಖರ್ಚಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಒಂದು ಭೇಟಿಯ ಶುಲ್ಕ ನಾನು ಒಂದು ವಾರ ಕುಡಿಯುತ್ತಿದ್ದ ಹಣಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು, ಹಾಗಾಗಿ ಹೊಸದಾಗಿ ಹಣ ಹುಟ್ಟಿಸಬೇಕಾಗಲಿಲ್ಲ. ರಕ್ತಪರೀಕ್ಷೆಯೂ ಓಡಾಟವೂ ಹೆಚ್ಚುವರಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು, ಕೇಳಿದವರಿಗೆ ಮಾತ್ರ. ನಾನು ಆರನೇ ಭೇಟಿಯಲ್ಲಿ ಕೇಳಿದೆ, ಅದೂ ಪ್ರಯೋಗದ ಭಾಗವಾಗಿ. ಭೇಟಿಯ ದಿನ ತಪ್ಪಿಹೋದ ತರಗತಿಗಳಿಗೆ ವೈದ್ಯರ ಪತ್ರ ಬೇಕಾಯಿತು. ಪತ್ರದಲ್ಲಿ ಕಾಯಿಲೆಯ ಹೆಸರಿಲ್ಲದೆ ‘ಚಿಕಿತ್ಸೆಯಲ್ಲಿದ್ದಾರೆ’ ಎಂದಷ್ಟೇ ಬರೆಸಿಕೊಳ್ಳಬಹುದೇ ಎಂದು ಕೇಳಿ ನೋಡಿ. ನನಗೆ ಹಾಗೇ ಕೊಟ್ಟರು. ಹಣಕ್ಕಿಂತ ದುಬಾರಿಯಾದದ್ದು ಸ್ನೇಹ. ಗ್ಲಾಸು ಇಟ್ಟ ಮೇಲೆ ಇಬ್ಬರು ಗೆಳೆಯರ ಜೊತೆ ಮಾತನಾಡಲು ಏನೂ ಉಳಿದಿರಲಿಲ್ಲ. ಜಗಳವೂ ಆಗಲಿಲ್ಲ. ಕೆಲವು ಶನಿವಾರಗಳ ಸಂಜೆ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತು, ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದೆನೇ ಎಂದುಕೊಂಡಿದ್ದೇನೆ.

ಸೆಮಿನಾರ್‌ನ ದಿನ ಕೈ ನಡುಗಿತು. ಅಮ್ಮನಿಗೆ ಮುಂಚೆಯೇ ಎಲ್ಲ ಹೇಳಿದ್ದೆ, ಬೆಳಗ್ಗೆ ಫೋನಿನಲ್ಲಿ “ನಡುಗಿದರೆ ನಡುಗಲಿ ಬಿಡು” ಎಂದಳು. ಸಮಾಲೋಚಕರ ಮಾತನ್ನು ನನ್ನಿಂದಲೇ ಕದ್ದದ್ದು. ಮೊದಲ ಎರಡು ನಿಮಿಷ ನನ್ನ ದನಿ ನನಗೇ ಕೇಳಿಸುತ್ತಿತ್ತು. ಆಮೇಲೆ ಎರಡನೇ ಸಾಲಿನಲ್ಲಿ ಒಬ್ಬರು ನನ್ನ ನಕ್ಷೆಯಲ್ಲಿನ ಒಂದು ಅಂಕಿಯನ್ನು ಹುಬ್ಬುಗಂಟಿಕ್ಕಿ ನೋಡುತ್ತಿರುವುದು ಕಂಡಿತು, ಅದನ್ನು ವಿವರಿಸಲು ಹೋದೆ, ದನಿಯನ್ನು ಮರೆತೆ. ಕೊನೆಯಲ್ಲಿ ಪರೀಕ್ಷಕರು ಕೇಳಿದ ಒಂದು ಪ್ರಶ್ನೆಗೆ “ಗೊತ್ತಿಲ್ಲ, ನೋಡಿ ಹೇಳುತ್ತೇನೆ” ಎಂದೆ. ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅಂಕಪಟ್ಟಿ ಇನ್ನೂ ಬಂದಿಲ್ಲ.

ಮೂರು ತಿಂಗಳಿಗೊಮ್ಮೆ ಹೋಗಿ ಕಾಣುವುದು ಇನ್ನೂ ಇದೆ. ಮುಂದಿನ ದಿನಾಂಕ ಗೊತ್ತುಮಾಡಲು ಇವತ್ತು ಸಂಜೆ ಐದರೊಳಗೆ ಫೋನ್ ಮಾಡಬೇಕು. ಈಗ ನಾಲ್ಕೂ ಇಪ್ಪತ್ತು. ಅಂಗೈ ಸ್ವಲ್ಪ ಬೆವರಿದೆ, ಚೀಟಿ ಬರೆದುಕೊಂಡಿಲ್ಲ.